ಪಾಚಿ ಮೇಷ್ಟ್ರ ಅತ್ಯುತ್ತಮ ವಿದ್ಯಾರ್ಥಿ

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಕಂಪ್ಯೂಟರ್ ಬರುವ ಮುಂಚಿನ ಗಾದೆ. ಈಗಿನದು, ಕೈ ಮೌಸಾದರೆ ತಲೆ ಮೊಸರು. ನಂಬದವರು ಮುಂದೆ ಓದಬಹುದು. ಇದು ನಡೆದ ಸಂಗತಿ. ಎಲ್ಲೆಲ್ಲಿ ಸುಳ್ಳು ಅನ್ನಿಸುತ್ತದೋ ಅಲ್ಲೆಲ್ಲ ಹೇಳುವವನು ಒಂದಿಷ್ಟು ಕಮ್ಮಿಯೇ ಹೇಳಿದ್ದಾನೆ ಎಂದು ತಿಳಿಯಬೇಕು.

ವಿಶ್ವವಿದ್ಯಾಲಯದ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಜಾಗ ಸಾಲದೆ ಇಬ್ಬರು ಮೇಷ್ಟ್ರನ್ನು ಒಟ್ಟಿಗೆ ತುರುಕಿದ್ದರು. ಒಬ್ಬರು ಸಸ್ಯಶಾಸ್ತ್ರದವರು. ಎಲ್ಲೆಲ್ಲಿ ಜನ ಕಾಲು ಜಾರಿ ಬೀಳುತ್ತಾರೋ ಅಲ್ಲೆಲ್ಲ ಇವರು ಬೇಕೆಂದೇ ಹೋಗಿ ಮಂಡಿಯೂರಿ, ಲೆನ್ಸು ಹಿಡಿದು ಕೂರುವವರು. ಆದ್ದರಿಂದ ಪಾಚಿ ಮೇಷ್ಟ್ರು. ಇನ್ನೊಬ್ಬ ಅರ್ಥಶಾಸ್ತ್ರದವನು. ಅವನ ಪಾಠ ಯಾರಿಗೂ ಅರ್ಥವಾಗದಿದ್ದರೂ ಕ್ಲಾಸು ಮಾತ್ರ ತುಂಬಿ ತುಳುಕುತ್ತಿತ್ತು, ಏಕೆಂದರೆ ಬೇಡಿಕೆಯನ್ನು ಡೀನಮ್ಮನ ಗಂಟಲಲ್ಲೂ ಪೂರೈಕೆಯನ್ನು ಕ್ಯಾಂಟೀನಿನವನ ಗಂಟಲಲ್ಲೂ ಹೇಳುತ್ತಿದ್ದ. ಯಾರ ದನಿಯಾದರೂ ಸರಿ, ಎರಡು ಸಲ ಕೇಳಿದರೆ ಮೂರನೆಯ ಸಲ ಅವನ ಬಾಯಿಂದ ಬರುತ್ತಿತ್ತು. ನಕಲಿ ಎಂದು ಹೆಸರು ಬಿದ್ದಿತ್ತು. ಅವನು ಅದನ್ನು ಡಾಕ್ಟರೇಟಿಗಿಂತ ಒಂದು ತೂಕ ಹೆಚ್ಚೆಂದೇ ಭಾವಿಸಿದ್ದ.

ಆ ವರ್ಷ ಡೀನಮ್ಮ ಎಲ್ಲ ಮೇಷ್ಟ್ರುಗಳನ್ನೂ ಸಭೆಗೆ ಕರೆದರು. ಇನ್ನು ಮೇಲೆ ಟಿಪ್ಪಣಿ, ಹೋಮ್‌ವರ್ಕ್, ಚರ್ಚೆ, ಅಂಕ, ಎಲ್ಲವೂ ಹೊಸ ಪೋರ್ಟಲ್‌ನಲ್ಲಿ. ಪ್ರತಿ ಕೋರ್ಸಿಗೂ ಅಲ್ಲೊಂದು ಪುಟ.

"ಟರ್ಮ್ ಕೊನೇಲಿ ನಾನೇ ಕೂತು ನೋಡ್ತೀನಿ," ಎಂದರು. "ಯಾವ ಪುಟದಲ್ಲಿ ಹುಡುಗರು ಓಡಾಡಿಲ್ವೋ ಆ ಕೋರ್ಸು ಮುಂದಿನ ವರ್ಷ ಇರಲ್ಲ. ಇದರಲ್ಲಿ ಬೇಜಾರು ಮಾಡ್ಕೊಳ್ಳೋದು ಏನಿಲ್ಲ."

ಬೇಜಾರು ಮಾಡಿಕೊಂಡವರು ಒಬ್ಬರೇ. ಪಾಚಿ ಮೇಷ್ಟ್ರಿಗೆ ಮಿಕ್ಕ ಪಾಠಗಳೆಲ್ಲ ಸಂಬಳಕ್ಕೆ. ಪಾಚಿಯ ಮೇಲಿನ ಆ ಒಂದು ಐಚ್ಛಿಕ ಕೋರ್ಸು ಪ್ರಾಣಕ್ಕೆ. ಸೇರುವ ಹುಡುಗರು ಒಂದು ಬಾಗಿಲಿನಷ್ಟೂ ಅಗಲವಿಲ್ಲದ ಗುಂಪು, ಅದರಲ್ಲೂ ಅರ್ಧ ಬೇರೆ ಕಡೆ ಸೀಟು ಸಿಗದವರು. ಆದರೂ ವರ್ಷಕ್ಕೊಬ್ಬನಾದರೂ ಗೋಡೆಯ ಮುಂದೆ ಬಗ್ಗಿ "ಅರೆ" ಅನ್ನುತ್ತಿದ್ದ. ಆ ಒಂದು "ಅರೆ"ಗಾಗಿ ಮೇಷ್ಟ್ರು ಬದುಕಿದ್ದರು.

ಅಂದೇ ಪೋರ್ಟಲ್‌ಗೆ ಇಳಿದರು. ಟಿಪ್ಪಣಿಯ ಬದಲು ಮೊಮ್ಮಗಳ ಹಲ್ಲಿನ ಎಕ್ಸ್‌-ರೇ ಏರಿಸಿದರು. ಅದನ್ನು ತೆಗೆಯಲು ಹೋಗಿ ಮೊದಲ ವಾರವನ್ನೇ ಅಳಿಸಿಹಾಕಿದರು. ಆಮೇಲೆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪಕ್ಕದ ಮೇಜಿಗೆ ದೂಡಿದರು.

"ನೀನೇ ಒಳಗೆ ಹೋಗಿ ಬಾರಪ್ಪಾ. ನಾನು ಹೋದ್ರೆ ವಾಪಸ್ ಬರೋ ದಾರಿ ಸಿಗಲ್ಲ."

ನಕಲಿ ಪುಟವನ್ನು ಅಚ್ಚುಕಟ್ಟು ಮಾಡಿದ. ಮೇಲ್ಮೂಲೆಯಲ್ಲಿ ‘ವಿದ್ಯಾರ್ಥಿಯಾಗಿ ನೋಡಿ’ ಎಂಬ ಗುಂಡಿಯೊಂದಿತ್ತು. ಅದನ್ನೊತ್ತಿದರೆ ಪುಟ ಹುಡುಗರಿಗೆ ಹೇಗೆ ಕಾಣುತ್ತದೆಂದು ಮೇಷ್ಟ್ರಿಗೆ ತೋರಿಸಲು ಪೋರ್ಟಲ್ ತಾನೇ ಒಂದು ಹುಸಿ ವಿದ್ಯಾರ್ಥಿಯನ್ನು ಹುಟ್ಟಿಸುತ್ತದೆ. ಹೆಸರು ಟೆಸ್ಟ್ ಸ್ಟೂಡೆಂಟ್. ಬಟ್ಟೆ ಅಂಗಡಿಯ ಬೊಂಬೆ ಇದ್ದ ಹಾಗೆ: ಅಂಗಿ ತೊಡಿಸಿ ನೋಡಬಹುದು, ಹೆಣ್ಣು ಕೊಡಲಾಗದು.

ಮೊದಲ ಹೋಮ್‌ವರ್ಕು, ‘ಮನೆಯ ಹತ್ತಿರದ ಪಾಚಿಯೊಂದನ್ನು ಒಂದು ವಾರ ಗಮನಿಸಿ ಬರೆಯಿರಿ.’ ವಾರ ಕಳೆಯಿತು. ಯಾರೂ ಬರೆಯಲಿಲ್ಲ. ಮೇಷ್ಟ್ರು ಬೆಳಿಗ್ಗೆ ಬಂದು ಪುಟ ತೆರೆಯುವುದು, ಮುಚ್ಚುವುದು, ಕನ್ನಡಕ ಒರೆಸಿ ಮತ್ತೆ ತೆರೆಯುವುದು. ನೋಡಿ ನೋಡಿ ನಕಲಿಯ ನಾಲಿಗೆ ತುರಿಸಿತು. ಆ ಗುಂಡಿ ಒತ್ತಿ, ಬೊಂಬೆಯ ಬಾಯಿಂದ ಬರೆದ: ‘ಒಂದು ವಾರ ಗಮನಿಸಿದೆ. ಅದೂ ನನ್ನನ್ನು ಗಮನಿಸಿತು. ಇಬ್ಬರೂ ಏನೂ ಮಾಡಲಿಲ್ಲ.’

"ಬಂದಿದೆ ಕಣೋ," ಎಂದರು ಮೇಷ್ಟ್ರು ಮರುದಿನ, ಕುರ್ಚಿಯಿಂದ ಅರ್ಧ ಎದ್ದು. "ಒಬ್ಬ ಬರೆದಿದಾನೆ. ಟೆಸ್ಟ್ ಸ್ಟೂಡೆಂಟ್ ಅಂತೆ. ಇದೆಂಥ ಹೆಸರೋ."

"ಹೆಸರಲ್ಲ ಸಾರ್," ಎಂದ ನಕಲಿ, ಹುಬ್ಬು ಅಲುಗಿಸದೆ. "ದೂರದಲ್ಲಿದ್ದು ಪಾಠ ಕೇಳೋರು. ಮೇಷ್ಟ್ರು ಮುಖ ನೋಡಿ ಮಣೆ ಹಾಕಬಾರದು ಅಂತ ಹೆಸರು ಮುಚ್ಚಿಟ್ಟಿರ್ತಾರೆ."

"ಒಳ್ಳೇ ಪದ್ಧತಿ."

ಮಧ್ಯಾಹ್ನದ ಚಹಾದ ಹೊತ್ತಿಗೆ ನಿಜ ಹೇಳಿ ನಗಬೇಕೆಂದು ನಕಲಿಯ ಲೆಕ್ಕ. ಆದರೆ ಅಷ್ಟರಲ್ಲಿ ಮೇಷ್ಟ್ರು ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಉತ್ತರ ಬರೆದಾಗಿತ್ತು: ‘ಏನೂ ಮಾಡಲಿಲ್ಲ ಎಂಬುದು ತಪ್ಪು. ನೀರು ಚಿಮುಕಿಸಿ ನೋಡಿದೆಯಾ? ಗೋಡೆ ಯಾವ ದಿಕ್ಕಿಗಿದೆ? ನಿನ್ನಲ್ಲಿ ಹಾಸ್ಯವಿದೆ. ತಾಳ್ಮೆಯೂ ಬಂದರೆ ದೊಡ್ಡವನಾಗುತ್ತೀ.’

ನಕಲಿ ದೊಡ್ಡವನಾಗಬಹುದೆಂದು ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಚಹಾ ಕುಡಿದ, ನಿಜ ಹೇಳಲಿಲ್ಲ. ಕೂತಲ್ಲೇ ಇನ್ನೊಂದು ಬರೆದ: ‘ನೀರು ಹಾಕಿದೆ. ಒಂದು ಗಂಟೆಯ ಮೇಲೆ ಹಸಿರಾಯಿತು.’

‘ಸುಳ್ಳು,’ ಎಂದು ಬಂತು ಉತ್ತರ. ‘ನೀನು ನೋಡಿಲ್ಲ. ನೋಡಿ ಬರೆ.’

ಎಲ್ಲೋ ಹೋಗುತ್ತಿದ್ದ ಓತಿಕ್ಯಾತನನ್ನು ಕರೆದು ಕಿವಿಗೆ ಬಿಟ್ಟುಕೊಂಡವನ ಹಾಗೆ, ಅಂದು ಸಂಜೆ ನಕಲಿ ಮನೆಯ ಹಿಂದಿನ ನಲ್ಲಿಯ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈಯಲ್ಲಿ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ. ಪಾಚಿ ಹಳೆಯ ಪಾತ್ರೆ ಉಜ್ಜುವ ನಾರಿನಂತೆ ಕಂದಿ ಮುರುಟಿತ್ತು. ಎರಡು ಸಲ ಚಿಮುಕಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ, ಮುಷ್ಟಿ ಬಿಚ್ಚಿದಂತೆ, ಒಂದೊಂದೇ ಎಲೆ ತಿರುಚು ಬಿಟ್ಟು ಹೊರಳಿತು. ಆ ಕಂದಿನೊಳಗಿಂದ ಹಸಿರು ಎದ್ದು ಗೋಡೆಯಗಲ ಹಬ್ಬಿತು. "ಅರೆ," ಎಂದ ನಕಲಿ, ಯಾರ ದನಿಯಲ್ಲೂ ಅಲ್ಲದೆ.

ಹಿಂದೆ ಅತ್ತೆ ನಿಂತಿದ್ದರು. "ಅಳಿಯಂದಿರು ಗೋಡೆ ಉಜ್ಜಕ್ಕೆ ಕೂತ್ರು ಅಂತ ಮಗಳಿಗೆ ಕೂಗಿ ಹೇಳ್ದೆ," ಎಂದರು. "ನೋಡಿದ್ರೆ ನೀರು ಹಾಕಿ ಸಾಕ್ತಾ ಇದೀರಿ."

"ಕಾಲೇಜಿನ ಕೆಲಸ ಅತ್ತೆ."

"ಇದಕ್ಕೂ ಸಂಬಳ ಕೊಡ್ತಾರಾ. ಪುಣ್ಯವಂತರು ಬಿಡಿ."

ಅಂದಿನಿಂದ ಅದೊಂದು ಚಟವಾಯಿತು. ಬೊಂಬೆ ಬರೆಯುವುದು, ಮೇಷ್ಟ್ರು ತಿದ್ದುವುದು, ಬೊಂಬೆ ವಾದಿಸುವುದು, ಮೇಷ್ಟ್ರು ಕುಟ್ಟುವುದು. ಅತ್ತೆ ಬಾಟಲಿಗೆ ಬೀಗ ಹಾಕಿಡುವಂತಾಯಿತು. ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಕೋರ್ಸು ಉಳಿಯಿತೆಂದೇ ನಂಬಿ, ಕ್ಲಾಸಿನ ಹುಡುಗರಿಗೆ ಪೋರ್ಟಲ್ ನೋಡಿ ಎಂದು ಹೇಳುವುದನ್ನೂ ಬಿಟ್ಟರು. ನಕಲಿಯೂ ಹಾಗೇ ನಂಬಿದ್ದ, ಕಂಪ್ಯೂಟರ್ ವಿಭಾಗದ ಅಕ್ಕ ಕಾರಿಡಾರಿನಲ್ಲಿ ಸಿಗುವ ತನಕ.

"ಪಾಪ, ನಿಮ್ಮ ಪಾಚಿ ಮೇಷ್ಟ್ರ ಪುಟ ಪೂರ್ತಿ ಖಾಲಿ," ಎಂದರು ಅಕ್ಕ.

"ಖಾಲಿ ಹೇಗಾಗುತ್ತೆ? ಒಬ್ಬ ಬರೀತಾನೇ ಇದಾನಲ್ಲ."

"ಅದು ಬೊಂಬೆ ಸಾರ್. ಬೊಂಬೆ ಎಷ್ಟು ಬರೆದ್ರೂ ಲೆಕ್ಕಕ್ಕಿಲ್ಲ. ಡೀನ್ ಮೇಡಂಗೆ ಹೋಗೋ ಪಟ್ಟೀಲಿ ಸೊನ್ನೆ ಅಂತಲೇ ಬರೋದು."

ನಕಲಿಗೆ ನಿಂತ ನೆಲವೇ ಪಾಚಿಗಟ್ಟಿದಂತಾಯಿತು. ತಮಾಷೆಯಿಂದ ಮೇಷ್ಟ್ರ ಹೊಟ್ಟೆ ತುಂಬಿಸಿ, ಊಟವನ್ನೇ ತಪ್ಪಿಸಿದ್ದ. ಸೀದಾ ಕೋಣೆಗೆ ಹೋದ.

"ಸಾರ್, ಆ ಟೆಸ್ಟ್ ಸ್ಟೂಡೆಂಟ್ ಇದಾನಲ್ಲ..."

"ಅವನ ವಿಷಯ ನಾನೇ ಹೇಳೋಣ ಅಂತಿದ್ದೆ," ಎಂದರು ಮೇಷ್ಟ್ರು. "ನಿನ್ನೆ ಬರೆದದ್ದನ್ನ ಮೊಮ್ಮಗಳಿಗೆ ಓದಿ ಹೇಳ್ದೆ. ನನ್ನ ಹಳೇ ಲೆನ್ಸು ಇದೆಯಲ್ಲ, ಅವನಿಗೆ ಕಳಿಸಿಬಿಡೋಣ ಅಂತ. ವಿಳಾಸ ಸಿಗುತ್ತಾ ಕೇಳಿ ನೋಡು. ಈಗ ನೀನು ಏನೋ ಹೇಳ್ತಿದ್ದೆ."

"ಏನಿಲ್ಲ ಸಾರ್. ಒಳ್ಳೇ ಹುಡುಗ ಅಂತ."

ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ಮೇಷ್ಟ್ರ ಎದೆ ಒಡೆಯುತ್ತದೆ, ಹೇಳದಿದ್ದರೆ ಕೋರ್ಸು ಮುಳುಗುತ್ತದೆ. ಉಳಿದ ದಾರಿ ಒಂದೇ, ನಿಜವಾದ ಹುಡುಗರನ್ನು ಪುಟಕ್ಕೆ ಎಳೆಯಬೇಕು. ಬೇಡಿಕೊಂಡರೆ ಬರುವ ಜಾತಿಯಲ್ಲ ಅವರು. ಇಷ್ಟಕ್ಕೂ ನಕಲಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಪ್ರತಿ ಕ್ಲಾಸಿನಲ್ಲೂ ಮೊದಲ ಬೆಂಚಿನಲ್ಲಿ ಕೂತು, ಮೇಷ್ಟ್ರು ಹೋಮ್‌ವರ್ಕ್ ಕೊಡಲು ಮರೆತರೆ ನೆನಪಿಸುವ ಒಬ್ಬನಿರುತ್ತಾನಲ್ಲ, ಅವನ ದನಿಯನ್ನು ಗಂಟಲಿಗೆ ತಂದುಕೊಂಡು, ಚರ್ಚೆಯ ಜಾಗದಲ್ಲಿ ಬೊಂಬೆಯಿಂದ ಬರೆಸಿದ:

‘ಸ್ನೇಹಿತರೇ, ಈ ಕ್ಲಾಸಿನಲ್ಲಿ ಕಣ್ಣಿರುವುದು ನನ್ನೊಬ್ಬನಿಗೆ ಎಂದು ತಿಳಿದು ವಿಷಾದವಾಯಿತು. ನಮ್ಮ ನಲ್ಲಿಯ ಗೋಡೆಯಲ್ಲಿ ಎರಡು ಜಾತಿಯ ಪಾಚಿಯನ್ನು ಗುರುತಿಸಿದ್ದೇನೆ. ಮೂರನೆಯದು ಎರಡು ಸಲ ನೀರು ಚಿಮುಕಿಸಿದರೂ ಏಳಲಿಲ್ಲ, ಸತ್ತಿದೆ. ನಿಮ್ಮಿಂದ ಇದು ಸಾಧ್ಯವಿಲ್ಲ, ಆದ್ದರಿಂದ ನಾಚಿಕೆ ಬೇಡ.’

ಚರ್ಚೆಯಲ್ಲಿ ಯಾರು ಏನು ಬರೆದರೂ ಪೋರ್ಟಲ್ ಅದನ್ನು ಎಲ್ಲರ ಫೋನಿಗೂ ಕಳಿಸುತ್ತದೆ. ಊಟದ ಹೊತ್ತಿನೊಳಗೆ ಒಬ್ಬ ‘ಯಾರೋ ನೀನು’ ಎಂದ. ಇನ್ನೊಬ್ಬ ‘ಮೇಷ್ಟ್ರ ಚಮಚಾ’ ಎಂದ. ಸಂಜೆ ಹಿಂದಿನ ಬೆಂಚಿನ ಉದ್ದನೆಯ ಹುಡುಗಿ, ಅದುವರೆಗೆ ಕಿಟಕಿಯ ಆಚೆ ನೋಡುವುದೊಂದೇ ವಿಷಯ ತೆಗೆದುಕೊಂಡಿದ್ದವಳು, ತನ್ನ ಮನೆಯ ತಾರಸಿಯ ಫೋಟೋಗಳನ್ನು ಏರಿಸಿ, ಸತ್ತಿದೆ ಎನ್ನುವ ಪಾಚಿ ಸತ್ತಿರುವುದಿಲ್ಲ, ಇನ್ನಷ್ಟು ನೀರು ಹಾಕಿ ನೋಡು ದಡ್ಡ ಎಂದಳು. ನಕಲಿ ಎದ್ದುಬಿದ್ದು ನಲ್ಲಿಗೆ ಓಡಿ ನೋಡಿದ. ಹುಡುಗಿ ಹೇಳಿದ್ದೇ ಸರಿ. ಬೊಂಬೆ ಸೋಲೊಪ್ಪದೆ ಇನ್ನಷ್ಟು ಕೊಬ್ಬಿ ಮಾತಾಡಿತು. ಹುಡುಗರು ಕಾಂಪೌಂಡು, ನೀರಿನ ಟ್ಯಾಂಕು, ಬಸ್ ನಿಲ್ದಾಣದ ಕಲ್ಲುಬೆಂಚು, ಯಾವುದನ್ನೂ ಬಿಡದೆ ಮಂಡಿಯೂರಿದರು. ಮೇಷ್ಟ್ರು ಎರಡೂ ಕಡೆಗೆ ತೀರ್ಪು ಕೊಟ್ಟು ಕೊಟ್ಟು, ಕುಟ್ಟುವ ಬೆರಳು ಎರಡರಿಂದ ನಾಲ್ಕಕ್ಕೇರಿತು.

ಕೊನೆಗೆ ಪರಿಶೀಲನೆಯ ದಿನ ಬಂತು. ಡೀನಮ್ಮನ ಕೋಣೆ, ಗೋಡೆಯ ತುಂಬ ಪರದೆ, ಕೀಬೋರ್ಡಿನ ಮುಂದೆ ಅಕ್ಕ. ಮೇಷ್ಟ್ರು ಒಗೆದ ಕೋಟಿನಲ್ಲಿ ಮುಂದೆ; ನಕಲಿ ಸಹಾಯಕನೆಂಬ ನೆಪದಲ್ಲಿ ಹಿಂದೆ, ಬಾಗಿಲಿಗೆ ಹತ್ತಿರ.

"ಒಂದು ನಿಮಿಷ ಮೇಡಂ," ಎಂದರು ಅಕ್ಕ. "ಬೊಂಬೆದು ತೆಗೆದುಬಿಡ್ತೀನಿ, ಅದು ಲೆಕ್ಕಕ್ಕಿಲ್ಲ."

"ಬೊಂಬೆ ಅಂದ್ರೆ ಯಾರಮ್ಮಾ?" ಎಂದರು ಮೇಷ್ಟ್ರು.

"ಟೆಸ್ಟ್ ಸ್ಟೂಡೆಂಟ್ ಸಾರ್. ಅದು ಮನುಷ್ಯ ಅಲ್ಲ. ನಿಮ್ಮ ಪಾಸ್‌ವರ್ಡ್ ಇರೋರು ಯಾರೋ ಒಳಗೆ ಕೂತು ಬರೆದಿರೋದು."

ಅಕ್ಕ ಗುಂಡಿ ಒತ್ತಿದರು. ಪರದೆಯ ಮೇಲಿಂದ ಬೊಂಬೆಯ ಮಾತುಗಳೆಲ್ಲ ಅಳಿದುಹೋದವು. ಉಳಿದದ್ದನ್ನು ಡೀನಮ್ಮ ಕನ್ನಡಕ ಏರಿಸಿ, ಆಜ್ಞೆ ಓದುವ ದನಿಯಲ್ಲೇ ಓದಿದರು.

"‘ಮೊದಲು ನಿನ್ನ ಕಣ್ಣು ತೊಳ್ಕೋ.’ ‘ಅದು ಸತ್ತಿಲ್ಲ ಮಹರಾಯ, ಮಲಗಿದೆ.’ ‘ನಿನ್ನ ಎರಡು ಜಾತಿ ಇಟ್ಕೋ, ನಮ್ಮ ಬಚ್ಚಲಲ್ಲೇ ನಾಲ್ಕಿದೆ, ಫೋಟೋ ನೋಡಿ ಉರ್ಕೋ.’" ಅವರು ತಲೆಯೆತ್ತಿದರು. "ಇಡೀ ಕ್ಲಾಸು ಸೇರಿ ಗಾಳಿಗೆ ಬೈತಿದೆಯಲ್ರೀ."

"ಆದ್ರೂ ಬೈದೋರು ನಿಜವಾದ ಹುಡುಗ್ರೇ ಮೇಡಂ," ಎಂದರು ಅಕ್ಕ. "ಒಬ್ಬರೂ ಬಿಟ್ಟಿಲ್ಲ. ಇಷ್ಟು ಓಡಾಟ ಬೇರೆ ಯಾವ ಪುಟದಲ್ಲೂ ಇಲ್ಲ."

"ಹಾಗಾದ್ರೆ ಕೋರ್ಸು ಇರುತ್ತೆ," ಎಂದು ಡೀನಮ್ಮ ಟಿಕ್ ಹಾಕಿದರು. "ಆ ಬೊಂಬೆ ಆಡಿಸಿದೋರು ಯಾರು, ಅದನ್ನ ಮಾತ್ರ ತಿಳಿಬೇಕು."

ಮೇಷ್ಟ್ರು ಟಿಕ್ ನೋಡಲಿಲ್ಲ. ಅವರ ಕುತ್ತಿಗೆ ನಿಧಾನವಾಗಿ ಹಿಂದಕ್ಕೆ ತಿರುಗಿತು. ಆ ಗಳಿಗೆಗೆಂದು ನಕಲಿ ಮನಸ್ಸಿನಲ್ಲೇ ಹತ್ತು ದನಿ ಸಿದ್ಧ ಮಾಡಿಟ್ಟಿದ್ದ. ಒಂದೂ ಹೊರಡಲಿಲ್ಲ.

"ತಪ್ಪಾಯ್ತು ಸಾರ್. ಒಂದು ದಿನದ ತಮಾಷೆ ಅಂತ ಶುರು ಮಾಡ್ದೆ. ನೀವು ಉತ್ತರ ಬರೆದುಬಿಟ್ರಿ."

ಮೇಷ್ಟ್ರ ಮೀಸೆಯ ಒಂದು ತುದಿ ಅದುರುತ್ತಿತ್ತು. ಅಳುತ್ತಾರೇನೋ ಎಂದು ಅಕ್ಕ ನೀರಿನ ಲೋಟ ಹತ್ತಿರ ಸರಿಸಿದರು.

"ಎಲೆ ಬಿಚ್ಚೋದನ್ನ ಬರೆದಿದ್ಯಲ್ಲ," ಎಂದರು ಮೇಷ್ಟ್ರು. "ಮುಷ್ಟಿ ಬಿಚ್ಚಿದ ಹಾಗೆ ಅಂತ. ಅದನ್ನ ಎಲ್ಲಿಂದ ಕದ್ದೆ?"

"ಕದ್ದಿದ್ದಲ್ಲ ಸಾರ್. ಕೂತು ನೋಡಿದ್ದೆ. ಸುಳ್ಳು ಬರೆದ್ರೆ ಹಿಡೀತಿದ್ರಲ್ಲ ನೀವು. ದಿನಾ ಸಂಜೆ ನಲ್ಲಿ ಹತ್ರ ಕೂತು ಕೂತು ಮಂಡಿ ಹೋಯ್ತು. ನಮ್ಮ ಅತ್ತೆ ನನಗೆ ತಲೆ ಕೆಟ್ಟಿದೆ ಅಂತ ನಾದಿನಿಗೆ ಫೋನ್ ಮಾಡಿ ಹೇಳಿದಾರೆ."

"ನೀನು," ಎಂದರು ಮೇಷ್ಟ್ರು. "ಮೇಜಿನ ಮೇಲೆ ಗಿಡ ಇಟ್ರೆ ಅದರಲ್ಲಿ ಚಹಾ ಚೆಲ್ಲೋನು. ನೀನು, ಒಂದು ಟರ್ಮು ಪೂರ್ತಿ, ನನ್ನ ಹೋಮ್‌ವರ್ಕು..."

ಮಾತು ಅಲ್ಲೇ ಕಡಿಯಿತು. ನಗು ಮೊದಲು ಹೆಗಲಿಗೆ ಬಂತು, ಆಮೇಲೆ ಕೋಟಿನ ಗುಂಡಿಗಳಿಗೆ. ಡೀನಮ್ಮ ತುಟಿ ಕಚ್ಚಿ ತಡೆದರು, ಆಗಲಿಲ್ಲ. ಅಕ್ಕ ಕೀಬೋರ್ಡಿನ ಮೇಲೆ ತಲೆಯಿಟ್ಟರು, ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸಾಲುಗಟ್ಟಿ ಓಡಿದವು. ನಕಲಿಯೂ ಹೆದರಿ ಹೆದರಿ ನಕ್ಕ. ಇವರೆಲ್ಲರ ನಗು ಮುಗಿದು, ನೀರು ಕುಡಿದು, ಸರಿಯಾಗಿ ಕೂತರೂ ಪಾಚಿ ಮೇಷ್ಟ್ರದ್ದು ಮುಗಿಯಲಿಲ್ಲ. ಮೇಜಿಗೆ ಹಣೆ ಹಚ್ಚಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, ಅವರು ಎಂಥ ಗಂಟಲಲ್ಲಿ ನಗುತ್ತಿದ್ದರೆಂದರೆ, ಹೊರಗೆ ತಮ್ಮ ಸರದಿಗೆ ಕಾಯುತ್ತಿದ್ದ ಮೇಷ್ಟ್ರುಗಳು ಅದನ್ನು ಅಳುವೆಂದು ತಿಳಿದು, ಒಳಗೆ ಯಾರದೋ ಕೋರ್ಸು ಹೋಯಿತೆಂದು ಮುಖ ಮುಖ ನೋಡಿಕೊಂಡು, ಶ್ರದ್ಧಾಂಜಲಿಗೆಂಬಂತೆ ಮೆಲ್ಲಗೆ ಎದ್ದು ನಿಂತರು.