ಹಿಂದಿನ ಬೆಂಚಿನ ಮಾತು

"ಇಲ್ಲಿ ನೋಡಿದ್ದು ಇಲ್ಲೇ ಕಣೇ. ನೀನೂ ಹೇಳ್ಬೇಡ, ನಾನೂ ಹೇಳಲ್ಲ. ನನ್ನ ಬಾಯಿಂದ ಏನಾದ್ರೂ ಹೊರಗೆ ಹೋಯ್ತು ಅಂದ್ರೆ, ಅವತ್ತಿಂದ ನನ್ನನ್ನ ಅಕ್ಕ ಅಂತ ಕರೀಬೇಡ."

ಬಹಳ ವರ್ಷಗಳ ಹಿಂದೆ, ಮಕ್ಕಳೆಲ್ಲ ಎದ್ದು ಹೋದ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ದೊಡ್ಡಕ್ಕ ಹೇಳಿದ್ದ ಮಾತು ಇದು. ಬಳಪದ ಪುಡಿ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಅವರ ಕೆನ್ನೆಯೆಲ್ಲ ಬೆಳ್ಳಗಾಗಿತ್ತು. "ಆಯ್ತು ಅಕ್ಕಾ, ನನ್ನದೂ ಅದೇ ಮಾತು," ಅಂದಿದ್ದಳು ಪಕ್ಕದಲ್ಲಿ ಕೂತಿದ್ದ ಪುಟ್ಟ ಮೇಡಂ.

ಪುಟ್ಟ ಮೇಡಂ ಆಗಷ್ಟೇ ಪಾಠ ಮಾಡಲು ಕಾಲೇಜಿಗೆ ಸೇರಿದ್ದಳು. ಬೋರ್ಡಿನ ಮೇಲಿನ ಅರ್ಧಕ್ಕೆ ಕೈ ಎಟುಕುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಈಗ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ, ಮಗಳು ಅವಳಿಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ, ಆದರೂ ಹೆಸರು ಹಾಗೇ ಉಳಿದಿದೆ. ದೊಡ್ಡಕ್ಕ ಆಗ ಬರೀ ಮೇಷ್ಟರಮ್ಮ. ಇಡೀ ಕಾಲೇಜಿಗೆ ಅಕ್ಕ. ಪಾಠ ಮಾಡುವವರೂ ಪಾಠ ಕಲಿಯಬೇಕು ಅನ್ನುವ ಹುಚ್ಚು ಹಚ್ಚಿಕೊಂಡು, "ಹಿಂದಿನ ಬೆಂಚು" ಅನ್ನುವ ಪದ್ಧತಿ ಶುರುಮಾಡಿದ್ದೇ ಅವರು. ಇಬ್ಬಿಬ್ಬರು ಶಿಕ್ಷಕರು ಜೋಡಿಯಾಗಬೇಕು, ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂರಬೇಕು, ಮುಗಿದ ಮೇಲೆ ಚಹಾ ಕುಡಿಯುತ್ತ ಕಂಡದ್ದನ್ನು ಹೇಳಬೇಕು. ನಿಯಮ ಎರಡೇ. ಒಂದು, ಏನನ್ನೂ ಬರೆದಿಡುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಎರಡು, ಮುಗ್ಗರಿಸುತ್ತೇನೆ ಅಂತ ನಿಮಗೇ ಅನ್ನಿಸುವ ತರಗತಿಗೇ ಕರೆಯಬೇಕು.

"ಚೆನ್ನಾಗಿ ಆಗೋ ಕ್ಲಾಸಿಗೆ ಕರೆದ್ರೆ ಅದು ನಾಟಕ," ಅನ್ನುತ್ತಿದ್ದರು ದೊಡ್ಡಕ್ಕ. "ಟಿಕೆಟ್ ಇಟ್ಟು ಮಾಡಿ, ನಾನೂ ಬರ್ತೀನಿ."

ಮೊದಲು ಕರೆದವರೂ ಅವರೇ. ಅವತ್ತು ಪುಟ್ಟ ಮೇಡಂ ಹಿಂದೆ ಕೂತಿದ್ದಳು. ದೊಡ್ಡಕ್ಕ ಒಬ್ಬ ಹುಡುಗಿಯ ಪ್ರಬಂಧ ಎತ್ತಿಕೊಂಡು, ಹೇಗೆ ಬರೆಯಬಾರದು ಅಂತ ತೋರಿಸಲು ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ದನಿಗೆ ರಾಗ ಬಂತು. ತರಗತಿ ಕೊಳ್ಳೆಂದು ನಕ್ಕಿತು. ಆ ನಗು ಅವರಿಗೆ ಹುಮ್ಮಸ್ಸು ಕೊಟ್ಟಿತೋ ಏನೋ, ಇನ್ನೊಂದು ಪುಟವನ್ನೂ ಓದಿದರು. ಹುಡುಗಿ ಎದ್ದು, ಚೀಲ ಹೆಗಲಿಗೇರಿಸಿ, ಬಾಗಿಲು ಸದ್ದಾಗದಂತೆ ಮುಚ್ಚಿಕೊಂಡು ಹೋದಳು. ಕಾಲೇಜಿಗೇ ಮತ್ತೆ ಬರಲಿಲ್ಲ. ಯಾಕೆ ಬಿಟ್ಟಳು ಅಂತ ಗೊತ್ತಿದ್ದ ದೊಡ್ಡವರು ಇಬ್ಬರೇ. ಇಬ್ಬರೂ ಆ ಬೆಂಚಿನ ಮಾತಿಗೆ ಕಟ್ಟುಬಿದ್ದಿದ್ದರು.

ಈಗ ದೊಡ್ಡಕ್ಕ ಬೋಧನಾ ತರಬೇತಿ ಕೇಂದ್ರದ ನಿರ್ದೇಶಕಿ. ಎರಡನೇ ಮಹಡಿಯಲ್ಲಿ ಗಾಜಿನ ಬಾಗಿಲಿನ ಕೋಣೆ, ತಿರುಗುವ ಕುರ್ಚಿ. ಕಾಲೇಜಿನವರಿಗೆ ಪಾಠ ಮಾಡುವ ಕಲೆ, ಬರೆಯುವ ಕಲೆ ಎಲ್ಲ ಅಲ್ಲಿಂದಲೇ. ಪ್ರತಿ ವರ್ಷ ಒಬ್ಬ ಶಿಕ್ಷಕರಿಗೆ ಬರವಣಿಗೆ ರಜೆ ಕೊಡುವುದೂ ಆ ಕೇಂದ್ರದ ಶಿಫಾರಸಿನ ಮೇಲೆ. ಆರು ತಿಂಗಳು ಪಾಠವಿಲ್ಲ, ಪೇಪರ್ ತಿದ್ದುವುದಿಲ್ಲ, ಸಭೆಯಿಲ್ಲ. ಕೂತು ಪುಸ್ತಕ ಮುಗಿಸಬೇಕು, ಅಷ್ಟೇ.

ಪುಟ್ಟ ಮೇಡಂಗೆ ಆ ರಜೆ ಬೇಕಿತ್ತು. ಬೇಕಿತ್ತು ಅಂದರೆ, ನೀರಿನಲ್ಲಿ ಮುಳುಗಿದವರಿಗೆ ಗಾಳಿ ಬೇಕಾದ ಹಾಗೆ ಬೇಕಿತ್ತು. ಬರೆಯಲು ಹೆದರುವ ಮಕ್ಕಳಿಗೆ ಬರೆಯಲು ಕಲಿಸುವ ಬಗ್ಗೆ ಅವಳೊಂದು ಪುಸ್ತಕ ಬರೆಯುತ್ತಿದ್ದಳು. ಎಲ್ಲಿ ಬರೆಯುತ್ತಿದ್ದಳು ಅಂತ ಕೇಳಿದರೆ ನಗು ಬರುತ್ತದೆ. ಬಸ್ಸಿನಲ್ಲಿ, ಮಗಳ ಓದುವ ಮೇಜಿನ ಒಂದು ಮೂಲೆಯಲ್ಲಿ, ಬೆಳಗ್ಗೆ ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ಹಾಳೆ ಇಟ್ಟುಕೊಂಡು. ಮಷೀನು ನೀರು ಹಿಂಡಲು ಶುರುಮಾಡಿದರೆ ಅಕ್ಷರಗಳೆಲ್ಲ ಕುಣಿಯುತ್ತಿದ್ದವು.

"ಅಮ್ಮಾ, ಈ ಪುಟ ಯಾವ ಬಟ್ಟೆ ಒಗೆಯೋವಾಗ ಬರೆದಿದ್ದು? ಬೆಡ್‌ಶೀಟಾ?" ಅಂತ ಮಗಳು ಕೇಳುತ್ತಿದ್ದಳು.

"ನಿನ್ನ ಜೀನ್ಸು. ಅದಕ್ಕೇ ಅಷ್ಟು ಒರಟಾಗಿದೆ."

"ರಜೆ ಸಿಕ್ಕಿದ್ರೆ ನನ್ನ ಮೇಜು ನನಗೆ ವಾಪಸ್ಸಾ?"

"ಮೇಜೇನು, ಅಮ್ಮನೂ ವಾಪಸ್ಸು. ಭಾನುವಾರ ಮನುಷ್ಯರ ಹಾಗೆ ಕೂತು ಮಾತಾಡ್ತೀನಿ."

"ಹಾಗಾದ್ರೆ ಬೇಡ ಬಿಡು," ಅಂದಳು ಮಗಳು, ನಗುತ್ತ. ಹೊರಟು ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಸಿಗುತ್ತೆ ಅಲ್ವಾ?"

"ದೊಡ್ಡಕ್ಕ ಇದ್ದಾರಲ್ಲ."

ಈ ವರ್ಷ ಸಿಗದಿದ್ದರೆ ಮುಂದೆ ಸಿಗುವ ಹಾಗಿರಲಿಲ್ಲ. ಇದೇ ಕೊನೆಯ ಸಲ, ಆಮೇಲೆ ಆ ಯೋಜನೆ ನಿಲ್ಲುತ್ತದೆ ಅಂತ ಸುತ್ತೋಲೆ ಬಂದಿತ್ತು. ಅರ್ಜಿ ಹಾಕಿದವರು ಇಬ್ಬರು: ಪುಟ್ಟ ಮೇಡಂ, ಮತ್ತೆ ಟೈ ಸರ್. ಟೈ ಸರ್ ಅಂದರೆ ಸುಡುಬೇಸಿಗೆಯಲ್ಲೂ ಟೈ ಬಿಚ್ಚದ ವಾಣಿಜ್ಯದ ಮೇಷ್ಟ್ರು. ಒಳ್ಳೆಯ ಮನುಷ್ಯರೇ. ತಮ್ಮ ಫೋಟೊ ಎಲ್ಲಿ ಅಚ್ಚಾಗಿದ್ದರೂ ಕತ್ತರಿಸಿ ಇಟ್ಟುಕೊಳ್ಳುವ ಚಟ, ಅಷ್ಟೇ.

ಅರ್ಜಿ ಹಾಕುವ ಮುಂಚೆ ಒಂದು ಸಂಗತಿ ನಡೆದಿತ್ತು. ಸಂಜೆ ತರಗತಿಯ ಮಕ್ಕಳು ಹಗಲೆಲ್ಲ ಅಂಗಡಿ, ಗೋದಾಮು ಅಂತ ದುಡಿದು ಬರುವವರು. ಹಾಳೆ ಕೊಟ್ಟರೆ ಕೈ ಕಟ್ಟಿ ಕೂರುತ್ತಿದ್ದರು. ಅವರೆದುರು ತಾನೇ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಹೇಗೆ ಅಂತ ಪುಟ್ಟ ಮೇಡಂಗೆ ಅನ್ನಿಸಿತು. ಮೊದಲೇ ತಯಾರಿಲ್ಲದೆ, ಅಲ್ಲೇ ಯೋಚಿಸಿ, ಅಲ್ಲೇ ಹೊಡೆದುಹಾಕಿ. ಮುಗ್ಗರಿಸುವುದು ಖಂಡಿತ ಅನ್ನಿಸಿದ್ದರಿಂದಲೇ, ನಿಯಮದ ಪ್ರಕಾರ, ದೊಡ್ಡಕ್ಕನನ್ನು ಕರೆದಳು.

ಮುಗ್ಗರಿಸಿದ್ದೂ ಹಾಗೇ. ಹಸಿರು ಬಳಪದಲ್ಲಿ "ನನ್ನ ತಾಯಿಯ ಕೈ" ಅಂತ ಬರೆದಳು. ಮುಂದಿನ ಪದ ಬರಲಿಲ್ಲ. ಕೈ ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಬೆನ್ನ ಹಿಂದೆ ಬೆಂಚುಗಳು ಕಿರುಗುಟ್ಟಿದವು. "ಮೇಡಂಗೇ ಬರಲ್ವಲ್ಲೋ," ಅಂತ ಒಬ್ಬ ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು. ಗಂಟೆ ಹೊಡೆದಾಗಲೂ ಬೋರ್ಡಿನ ಮೇಲೆ ಆ ಮೂರು ಪದಗಳೇ ಇದ್ದವು.

ಆಮೇಲೆ ಚಹಾ ಕುಡಿಯುತ್ತ ದೊಡ್ಡಕ್ಕ ಅವಳ ಬೆನ್ನು ಸವರಿದರು. "ಅಯ್ಯೋ ಹುಚ್ಚಿ, ನಿಂತಿದ್ದು ತಪ್ಪಲ್ಲ ಕಣೇ, ಸುಮ್ಮನೆ ನಿಂತಿದ್ದು ತಪ್ಪು. ತಲೇಲಿ ಏನು ಓಡ್ತಿದೆ ಅಂತ ಬಾಯಿಬಿಟ್ಟು ಹೇಳು. ಸಿಕ್ಕಿಹಾಕ್ಕೊಂಡಿದ್ದನ್ನೇ ತೋರಿಸು."

ಮುಂದಿನ ವಾರ ಹಾಗೇ ಮಾಡಿದಳು. "ನನಗೆ ಇಲ್ಲಿ ಭಯ ಆಗ್ತಿದೆ, ಯಾಕಂದ್ರೆ ಅಮ್ಮನ ಕೈ ಅಂದ ತಕ್ಷಣ ಎಲ್ಲರೂ ಬರೆಯೋದೇ ಬರ್ತಿದೆ," ಅಂದಳು. "ಹಾಗಾದ್ರೆ ಅವರ ಉಗುರು ಹೇಗಿತ್ತು ಬರೀರಿ ಮೇಡಂ," ಅಂದ ಒಬ್ಬ, ಅದೇ ಪಿಸುಗುಟ್ಟಿದ್ದವನು. ಅವತ್ತು ಕೈ ಕಟ್ಟಿ ಕೂರುತ್ತಿದ್ದವರೆಲ್ಲ ಬರೆದರು. ಗಂಟೆ ಹೊಡೆದರೂ ಏಳಲಿಲ್ಲ. ಕಾವಲುಗಾರ ಬಂದು ದೀಪ ಆರಿಸುವ ಬೆದರಿಕೆ ಹಾಕಬೇಕಾಯಿತು. ಪುಟ್ಟ ಮೇಡಂ ಮಹಡಿ ಹತ್ತಿ ಓಡಿಹೋಗಿ ದೊಡ್ಡಕ್ಕನಿಗೆ ಹೇಳಿದಳು. ಅವರು ಫೋನಿನಲ್ಲಿದ್ದರು. ಕೈಯಲ್ಲೇ "ಭೇಷ್" ಅಂತ ಸನ್ನೆ ಮಾಡಿದರು.

ಆ ತರಗತಿಗೆ ಮಾತ್ರ ಅವಳು ಯಾರನ್ನೂ ಕರೆದಿರಲಿಲ್ಲ. ಚೆನ್ನಾಗಿ ಆಗುವ ತರಗತಿಗೆ ಕರೆಯುವ ಪದ್ಧತಿಯೇ ಇರಲಿಲ್ಲವಲ್ಲ. ಶಿಕ್ಷಕರ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಖುಷಿಯಲ್ಲಿ ಎಲ್ಲವನ್ನೂ ಟೈ ಸರ್‌ಗೆ ವಿವರಿಸಿದ್ದಳು. ಅವರು ಹುಬ್ಬೇರಿಸಿ ಕೇಳಿಸಿಕೊಂಡಿದ್ದರು.

ಫಲಿತಾಂಶ ಹೇಳುವ ದಿನವೇ ಶಿಕ್ಷಕರಿಗೆಲ್ಲ ಕಾರ್ಯಾಗಾರ ಇತ್ತು. ಸಭಾಂಗಣದಲ್ಲಿ ಪರದೆ, ಮೈಕು, ಮುಂದಿನ ಸಾಲಿನಲ್ಲಿ ಪ್ರಾಂಶುಪಾಲರು. ದೊಡ್ಡಕ್ಕ ವೇದಿಕೆಯ ಮೇಲಿದ್ದರು. ತೂಕಡಿಸುವವರನ್ನೂ ಎಬ್ಬಿಸುವ ಮಾತುಗಾರಿಕೆ ಅವರದು.

"ಒಂದು ಕಥೆ ಹೇಳ್ತೀನಿ. ಒಬ್ಬರು ಶಿಕ್ಷಕಿ. ಹೆಸರು ಬೇಡ. ಮಕ್ಕಳಿಗೆ ಬರೆಯೋದು ಕಲಿಸ್ತೀನಿ ಅಂತ ಬೋರ್ಡಿನ ಮುಂದೆ ನಿಂತ್ರು. ನಿಂತ್ರು, ನಿಂತ್ರು, ನಿಂತೇ ಇದ್ರು."

ದೊಡ್ಡಕ್ಕ ಕೈ ಮೇಲೆತ್ತಿ, ಬಾಯಿ ಅರ್ಧ ತೆರೆದು, ಗೊಂಬೆಯ ಹಾಗೆ ನಿಂತು ತೋರಿಸಿದರು. ಸಭೆ ನಕ್ಕಿತು. ಪುಟ್ಟ ಮೇಡಂ ಕೂಡ ನಕ್ಕಳು. ಎಲ್ಲರ ಜೊತೆಗೆ, ಮನಸ್ಸು ಬಿಚ್ಚಿ.

"ಬೋರ್ಡಿನ ಮೇಲೆ ಏನಿತ್ತು ಗೊತ್ತಾ? ಹಸಿರು ಬಳಪದಲ್ಲಿ, 'ನನ್ನ ತಾಯಿಯ ಕೈ.' ಅಷ್ಟೇ! ಕೈ ಅಲ್ಲೇ, ತಾಯಿ ಅಲ್ಲೇ. ಕೊನೆಗೆ ಒಬ್ಬ ಹುಡುಗ ಅಂದ, 'ಮೇಡಂಗೇ ಬರಲ್ವಲ್ಲೋ!'"

ಪುಟ್ಟ ಮೇಡಂನ ನಗು ತುಟಿಯ ಮೇಲೆ ಹಾಗೇ ಉಳಿದುಬಿಟ್ಟಿತು. ತೆಗೆಯುವುದು ಹೇಗೆ ಅಂತ ತಿಳಿಯಲಿಲ್ಲ. ಸುತ್ತ ಸಭೆ ಬಿದ್ದು ಬಿದ್ದು ನಗುತ್ತಿತ್ತು. ಕಾಲೇಜಿನಲ್ಲಿ ಹಸಿರು ಬಳಪ ಹಿಡಿಯುವವರು ಒಬ್ಬರೇ. ಒಂದೊಂದೇ ತಲೆ ಅವಳ ಕಡೆ ತಿರುಗಿ, ತಿರುಗಿದಷ್ಟೇ ಬೇಗ ಮುಂದಕ್ಕೆ ಹೊರಳಿತು.

"ಇದೇ ಕೆಲಸ ನಮ್ಮ ಕೇಂದ್ರದಲ್ಲಿ ತರಬೇತಿ ಪಡೆದವರು ಹೇಗೆ ಮಾಡಿದ್ರು ನೋಡಿ," ಅಂದರು ದೊಡ್ಡಕ್ಕ. ಪರದೆಯ ಮೇಲೆ ಟೈ ಸರ್ ಬಂದರು. ಬೋರ್ಡಿನ ಮುಂದೆ ನಿಂತು, "ನನಗೆ ಇಲ್ಲಿ ಭಯ ಆಗ್ತಿದೆ," ಅನ್ನುತ್ತಿದ್ದರು. ಮಕ್ಕಳು ತಲೆಬಗ್ಗಿಸಿ ಬರೆಯುತ್ತಿದ್ದರು. ಕ್ಯಾಮೆರಾದ ಪಕ್ಕದಲ್ಲಿ, ಹಿಂದಿನ ಬೆಂಚಿನ ಮೇಲೆ, ದೊಡ್ಡಕ್ಕನ ಕೈಚೀಲ ಕಾಣುತ್ತಿತ್ತು. ಟೈ ಸರ್ ದೊಡ್ಡಕ್ಕನನ್ನು ಚೆನ್ನಾಗಿ ಆಗುವ ತರಗತಿಗೇ ಕರೆದಿದ್ದರು, ಅವರು ಹೋಗಿಯೂ ಇದ್ದರು.

ಚಪ್ಪಾಳೆ ಮುಗಿದ ಮೇಲೆ ಪ್ರಾಂಶುಪಾಲರು ಎದ್ದು, ಬರವಣಿಗೆ ರಜೆ ಟೈ ಸರ್‌ಗೆ ಅಂದರು.

ಪುಟ್ಟ ಮೇಡಂ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಾಗ ದೊಡ್ಡಕ್ಕ ನೀರು ಕುಡಿಯುತ್ತಿದ್ದರು.

"ಅಕ್ಕಾ, ಅದು ನನ್ನ ಕ್ಲಾಸು."

"ಹೆಸರು ಹೇಳಿದ್ನಾ ನಾನು?"

"ಹಸಿರು ಬಳಪ ಹೇಳಿದ್ರಿ."

"ಕೂತ್ಕೋ." ಅವಳು ಕೂರಲಿಲ್ಲ. ದೊಡ್ಡಕ್ಕ ಲೋಟ ಕೆಳಗಿಟ್ಟರು. "ನೋಡು, ಈ ಕೇಂದ್ರ ಮುಚ್ತೀವಿ ಅಂತ ಕೂತಿದ್ದಾರೆ. ಮೊದಲು ಹೀಗಿತ್ತು, ಆಮೇಲೆ ಹೀಗಾಯ್ತು ಅಂತ ತೋರಿಸಬೇಕಿತ್ತು ನನಗೆ."

"ಆಮೇಲೆ ಆಗಿದ್ದೂ ನನ್ನದೇ ಅಲ್ವಾ? ಓಡಿ ಬಂದು ಹೇಳಿದ್ನಲ್ಲ."

"ಹೇಳಿದೆ. ನಾನು ನೋಡಿಲ್ವಲ್ಲ. ನಾನು ನೋಡಿದ್ದು ನೀನು ನಿಂತಿದ್ದು. ರಜೆಯ ಸಮಿತಿಯವರು ಕೇಳಿದಾಗ ನೋಡಿದ್ದನ್ನೇ ತಾನೇ ಹೇಳೋಕಾಗೋದು?"

"ಸಮಿತಿಗೂ ಹೇಳಿದ್ರಾ?"

ದೊಡ್ಡಕ್ಕ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು.

"ಚೆನ್ನಾಗಿ ಆಗೋ ಕ್ಲಾಸಿಗೆ ಕರೀಬೇಡ ಅಂದಿದ್ದು ನೀವೇ ಅಕ್ಕಾ. ಟಿಕೆಟ್ ಇಡಿ ಅಂದಿದ್ರಿ." ಅವಳು ಮೇಜಿನ ಹತ್ತಿರ ಬಂದಳು. "ಕೈ ಎತ್ತಿ ತೋರಿಸಿದ್ರಲ್ಲ, ಆ ಹುಡುಗಿ ಪ್ರಬಂಧ ಓದಿದ್ರಲ್ಲ ಅವತ್ತು, ಥೇಟ್ ಹಾಗೇ ಇತ್ತು. ಜನ ನಕ್ಕ ಮೇಲೆ ನಿಮಗೆ ನಿಲ್ಲಿಸೋಕೇ ಆಗಲ್ಲ."

ಕುರ್ಚಿ ತಟ್ಟನೆ ಈಚೆಗೆ ತಿರುಗಿತು. ದೊಡ್ಡಕ್ಕನ ಮುಖ ಬಿಳಿಚಿಕೊಂಡಿತ್ತು. "ಮೆಲ್ಲಗೆ," ಅಂದರು. "ಬಾಗಿಲು ತೆರೆದಿದೆ."

ಅಷ್ಟರಲ್ಲಿ ಜವಾನ ಬಂದು, ಪ್ರಾಂಶುಪಾಲರು ಪುಟ್ಟ ಮೇಡಂನ ಕರೀತಿದ್ದಾರೆ ಅಂದ.

ಪ್ರಾಂಶುಪಾಲರು ಸುತ್ತಿ ಬಳಸಿ ಮಾತಾಡುವವರಲ್ಲ. "ಬೇಜಾರಾಗಿರಬೇಕು ನಿಮಗೆ. ಕೂತ್ಕೊಳ್ಳಿ. ಕೇಂದ್ರ ಮುಚ್ಚೋದು ಬಿಟ್ಟು, ನಿಮ್ಮ ದೊಡ್ಡಕ್ಕನ್ನ ಎಲ್ಲ ಕಾಲೇಜುಗಳ ತರಬೇತಿಗೂ ಮುಖ್ಯಸ್ಥೆ ಮಾಡಬೇಕು ಅಂತ ಮೇಲಿನವರು ಹೊರಟಿದ್ದಾರೆ. ನನ್ನ ಅಭಿಪ್ರಾಯ ಕೇಳಿದ್ದಾರೆ. ಹಿಂದೆ ಅವರ ಕ್ಲಾಸಲ್ಲಿ ಏನೋ ಆಗಿ ಒಬ್ಬಳು ಹುಡುಗಿ ಕಾಲೇಜೇ ಬಿಟ್ಟಳಂತೆ. ಗಾಳಿಮಾತು. ನೀವು ಹಿಂದಿನ ಬೆಂಚಲ್ಲಿ ಇದ್ರಂತೆ?"

"ಇದ್ದೆ ಸರ್."

"ಏನಾಯ್ತು ಅಂತ ನೀವು ಹೇಳಿದ್ರೆ, ಸಮಿತಿಗೆ ಅವರು ಕೊಟ್ಟ ಶಿಫಾರಸನ್ನೂ ನಾನು ಮತ್ತೆ ನೋಡಬೇಕಾಗುತ್ತೆ. ರಜೆಯ ಆದೇಶಕ್ಕೆ ಇನ್ನೂ ಸಹಿ ಹಾಕಿಲ್ಲ ನಾನು."

ಪೆನ್ನು ಆದೇಶದ ಪಕ್ಕದಲ್ಲೇ ಇತ್ತು. ಪುಟ್ಟ ಮೇಡಂ ಅದನ್ನೇ ನೋಡಿದಳು. ಗಡಗಡ ಅಲ್ಲಾಡುವ ವಾಷಿಂಗ್ ಮಷೀನಿನ ಮುಚ್ಚಳ ಕಣ್ಣಿಗೆ ಬಂತು, ಬಾಗಿಲಲ್ಲಿ ತಿರುಗಿ ನಿಂತು "ಸಿಗುತ್ತೆ ಅಲ್ವಾ?" ಅಂದ ಮಗಳು ಬಂದಳು. ನಾಲಿಗೆಯ ತುದಿಯಲ್ಲಿ ಇಡೀ ತರಗತಿ ಬಂದು ನಿಂತಿತ್ತು: ರಾಗ, ನಗು, ಇನ್ನೊಂದು ಪುಟ, ಸದ್ದಿಲ್ಲದೆ ಮುಚ್ಚಿದ ಬಾಗಿಲು. ಹೇಳಬೇಕಾದ ಪದಗಳೆಲ್ಲ ಇದ್ದವು, ಒಂದೂ ಕಮ್ಮಿ ಇರಲಿಲ್ಲ. ಹಸಿರು ಬಳಪ ಹಿಡಿದು ನಿಂತಾಗಿನ ಹಾಗೆ ಅವಳು ನಿಂತೇ ಇದ್ದಳು; ಈ ಸಲ ಪದ ಸಿಗದೆ ಅಲ್ಲ.

"ಮೇಡಂ?"

"ಆ ಬೆಂಚಲ್ಲಿ ನೋಡಿದ್ದು ಹೊರಗೆ ಹೇಳೋ ಪದ್ಧತಿ ಇಲ್ಲ ಸರ್."

"ಅವರು ಇವತ್ತು ಮೈಕಲ್ಲೇ ಹೇಳಿದ್ರಲ್ಲ?"

"ಹೌದು ಸರ್. ನಾನು ಮಾತು ಕೊಟ್ಟಿದ್ದೀನಿ."

ಪ್ರಾಂಶುಪಾಲರು ಅವಳನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಹೊರಗಿನ ಓಣಿಯಲ್ಲಿ ದೊಡ್ಡಕ್ಕ ಗೋಡೆಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈಯಲ್ಲಿದ್ದ ಕರವಸ್ತ್ರ ಹಿಂಡಿ ಹಿಂಡಿ ಹಗ್ಗದ ಹಾಗಾಗಿತ್ತು.

"ಏನು ಕೇಳಿದ್ರೇ? ಏನಂದೆ ನೀನು?"

"ಏನೂ ಹೇಳಲಿಲ್ಲ."

ದೊಡ್ಡಕ್ಕನ ಹೆಗಲು ಒಮ್ಮೆಲೇ ಇಳಿಯಿತು. ಅವಳ ಕೈ ಹಿಡಿಯಲು ಬಂದರು. "ನನಗೆ ಗೊತ್ತಿತ್ತು ಕಣೇ, ನೀನು ನನ್ನ ತಂಗಿ ಇದ್ದ ಹಾಗೆ..."

ಪುಟ್ಟ ಮೇಡಂ ಕೈಯನ್ನು ಚೀಲದ ಪಟ್ಟಿಗೆ ಕೊಟ್ಟು, ಹೆಗಲ ಮೇಲೆ ಸರಿಮಾಡಿಕೊಂಡಳು.

"ಸಂಜೆ ಕ್ಲಾಸಿದೆ. ಬರ್ತೀನಿ ಮೇಡಂ," ಅಂದಳು.

ದೊಡ್ಡಕ್ಕ ಕೊಟ್ಟ ಮಾತು ಮುರಿದಿತ್ತು. ಪುಟ್ಟ ಮೇಡಂ ಕೊಟ್ಟ ಮಾತು ಉಳಿಯಿತು.