ತಾಮ್ರ ಸೇರಿದ ನೀರು

ಪ್ರೊಫೆಸರ್ ಗುಣಪಾಲರು ತಮಗೆ ಬೇಕಾದ ಅಂಕೆಯನ್ನು ಎಂದೂ ಒಬ್ಬರೇ ಓದಿದವರಲ್ಲ. ನಮ್ಮ ಕುಲಶೇಖರ ಬಡಾವಣೆಯ ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಮುಂದೆ ನಿಂತಾಗಲೂ, ವೈದ್ಯರಲ್ಲಿ ರಕ್ತದೊತ್ತಡ ನೋಡಿಸಿಕೊಳ್ಳುವಾಗಲೂ ಪಕ್ಕದ ಅಪರಿಚಿತರ ಕಡೆ ತಿರುಗಿ, “ನಿಮಗೆ ಎಷ್ಟು ಕಾಣ್ತದೆ?” ಎಂದು ವಿನಯದಿಂದ ಕೇಳುವರು. ದೃಷ್ಟಿ ಮಂದವಾಗಿದೆಯೆಂದು ಬಗೆದು ಅವರನ್ನು ಕೈಹಿಡಿದು ರಸ್ತೆ ದಾಟಿಸಿದವರೂ ಉಂಟು. ನಾವು ಅವರ ನೆರೆಮನೆಯವರು; ನಾನೊಮ್ಮೆ ಧೈರ್ಯ ಮಾಡಿ ಕಾರಣ ಕೇಳಿದೆ. “ನಾನು ಆಸೆಪಟ್ಟ ಅಂಕೆ ನನ್ನ ಕಣ್ಣಿಗೆ ಬೇಗ ಕಾಣ್ತದೆ. ನಿಮಗೆ ಆಸೆ ಇಲ್ಲವಲ್ಲ, ನೀವು ನೋಡಿ” ಎಂದರು.

ನಡೆಯುವಾಗ ಅವರ ಎಡಗೈ ಎಲ್ಲರಂತೆ ಬೀಸುತ್ತಿತ್ತು. ಬಲಗೈ ಮಾತ್ರ ತುಂಬಿದ ಗಾಜಿನ ಪಾತ್ರೆಯನ್ನು ಹಿಡಿದಂತೆ ಎದೆಯ ಮಟ್ಟದಲ್ಲಿ ನಿಶ್ಚಲವಾಗಿರುತ್ತಿತ್ತು. ಮಂಗಳೂರಿನ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಅದರ ತುಂಬ ಆಮ್ಲ ಸಿಡಿದು ಬಿದ್ದ ಸಣ್ಣ ತೂತುಗಳು. “ಇವರಿಗೆ ಅಂಗಿ ತರುವ ಬದಲು ಜರಡಿ ತಂದರೂ ಆಗ್ತಿತ್ತು” ಎಂದು ಹೆಂಡತಿ ವಿನೋದಕ್ಕ ನಗುವರು. ಗೇಣಿಗೆ ಕೊಟ್ಟ ಗದ್ದೆಗಳು ಕೈಬಿಟ್ಟ ಮೇಲೆ ಅಣ್ಣಂದಿರೆಲ್ಲ ಹೊಟೇಲು ಹಿಡಿದ ಮನೆತನ ಗುಣಪಾಲರದು. ಕಿರಿಯವನೊಬ್ಬ ಭೌತರಸಾಯನವೆಂಬ ಅರ್ಥವಾಗದ ವಿದ್ಯೆಯ ಬೆನ್ನು ಹತ್ತಿದ್ದು ಅಣ್ಣಂದಿರ ಪಾಲಿಗೆ ಮುಗಿಯದ ತಮಾಷೆ. “ನೀರಿಗೆ ಉಪ್ಪು ಹಾಕಿದರೆ ಎಂತ ಆಗ್ತದೆ ಅಂತ ನೋಡ್ಲಿಕ್ಕೆ ಸರ್ಕಾರ ಇವನಿಗೆ ಸಂಬಳ ಕೊಡ್ತದೆ ಮಾರಾಯ!” ಎಂದು ದೊಡ್ಡಣ್ಣ ನೆಂಟರೆದುರು ಹೇಳುವಾಗ ಗುಣಪಾಲರೂ ಎಲ್ಲರೊಡನೆ ನಗುತ್ತಿದ್ದರು.

ವಿಶ್ವವಿದ್ಯಾನಿಲಯಕ್ಕೆ ಸೇರಿದ ಹೊಸತರಲ್ಲಿ ಅಲ್ಲಿ ಉಪಕರಣಗಳೇ ಇರಲಿಲ್ಲ. ಪೇಟೆಯ ಹಂಪನಕಟ್ಟೆಯಿಂದ ಬಣ್ಣದ ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗಿ, ಒಂದೇ ಉಷ್ಣತೆಯಲ್ಲಿ ನಿಲ್ಲುವ ನೀರಿನ ತೊಟ್ಟಿಯನ್ನು ತಾವೇ ಕಟ್ಟಿಕೊಂಡರು. ಅದರ ಮುಂದೆ ವರ್ಷಗಟ್ಟಲೆ ಕುಳಿತು ಅವರು ನೋಡಿದ್ದು ಒಂದೇ ಸಂಗತಿ: ನೆಲ್ಲಿಯಲ್ಲೂ ನಿಂಬೆಯಲ್ಲೂ ಇರುವ ಸಿ ಜೀವಸತ್ವ ನೀರಿನಲ್ಲಿ ಕರಗಿ ಗಾಳಿಗೆ ಸೋಕಿದಾಗ ಎಷ್ಟು ಬೇಗ ಕೆಡುತ್ತದೆ ಎಂಬುದು. ಪುಸ್ತಕಗಳು ಹೇಳಿದ್ದಕ್ಕಿಂತ ಬಹಳ ಬೇಗ ಕೆಡುತ್ತಿತ್ತು. ಅದಕ್ಕೆ ಅವರು ಒಂದು ಕಾರಣವನ್ನು ಊಹಿಸಿ, ಸಿದ್ಧಾಂತವಾಗಿ ಬೆಳೆಸಿ ಪ್ರಕಟಿಸಿದರು. ಸಿದ್ಧಾಂತಕ್ಕೆ ಅವರ ಹೆಸರೇ ನಿಂತಿತು. ದೂರದೂರದವರು ಅದನ್ನು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದರು. ಮತ್ತೊಮ್ಮೆ ಮಾಡಿ ನೋಡಿದವರು ಮಾತ್ರ ಇರಲಿಲ್ಲ.

ಇಪ್ಪತ್ತು ವರ್ಷಗಳ ತರುವಾಯ ಅವರ ಕೊನೆಯ ಶಿಷ್ಯೆ ಚೈತಾಲಿ ಆ ಸಿದ್ಧಾಂತದ ಮೇಲೆಯೇ ತನ್ನ ಪಿಎಚ್.ಡಿ. ಪ್ರಬಂಧವನ್ನು ಕಟ್ಟುತ್ತಿದ್ದಳು. ಪ್ರಯೋಗಾಲಯದ ಹೆಂಚಿನ ಮಾಡು ರಿಪೇರಿಗೆ ಬಂದು, ಕೆಲವು ವಾರ ಪೇಟೆಯ ಕಾಲೇಜೊಂದರಲ್ಲಿ ಕೆಲಸ ಮಾಡಬೇಕಾಯಿತು. ಅಲ್ಲಿ ಸಿ ಜೀವಸತ್ವ ಕೆಡುವುದಕ್ಕೆ ಅವಸರವನ್ನೇ ಮಾಡಲಿಲ್ಲ. ತನ್ನ ಕೈಯನ್ನೇ ಶಂಕಿಸಿ, ಅತ್ತು, ಕೊನೆಗೊಂದು ಭಾನುವಾರ ಅವಳು ಕುಲಶೇಖರದ ಮನೆಗೇ ಬಂದಳು.

“ಸರ್, ನಾನು ಎಂತದೋ ತಪ್ಪು ಮಾಡ್ತಾ ಇದ್ದೇನೆ. ವೇಗ ಬರುವುದೇ ಇಲ್ಲ.”

ಗುಣಪಾಲರು ಕೇಳಿದರು: “ಅಲ್ಲಿ ನೀರು ಭಟ್ಟಿ ಇಳಿಸುವುದು ಎಂತದರಲ್ಲಿ?”

“ಗಾಜಿನದ್ದರಲ್ಲಿ ಸರ್.”

“ನಮ್ಮಲ್ಲಿ?”

ಅವರ ಪ್ರಯೋಗಾಲಯದಲ್ಲಿ ಭಟ್ಟಿ ಇಳಿಸುತ್ತಿದ್ದದ್ದು ಹಳೆಯ ತಾಮ್ರದ ಪಾತ್ರೆಯಲ್ಲಿ. ಮರುದಿನ ಬಿಚ್ಚಿ ನೋಡಿದಾಗ ಒಳಗಿನ ತವರದ ಕಲಾಯಿ ಪೂರ್ತಿ ಹೋಗಿತ್ತು. ಲೇಶಮಾತ್ರ ತಾಮ್ರ ನೀರಿಗಿಳಿದು, ಆ ಬಡ ಜೀವಸತ್ವವನ್ನು ಇಷ್ಟು ವರ್ಷವೂ ಓಡಿಸಿ ಓಡಿಸಿ ಕೆಡಿಸುತ್ತಿತ್ತು. ಕಣ್ಣನ್ನು ನಂಬದ ಮನುಷ್ಯ ನೀರನ್ನು ನಂಬಿದ್ದರು.

ಸಿದ್ಧಾಂತ ಬಿದ್ದರೆ ಅವರ ಹೆಸರೂ ಬೀಳುತ್ತದೆ. ಮುಚ್ಚಿಟ್ಟರೆ ಚೈತಾಲಿ ಸುಳ್ಳಿನ ಮೇಲೆ ಪದವಿ ಪಡೆಯುತ್ತಾಳೆ. ಸಹೋದ್ಯೋಗಿ ಲಯನೆಲ್ ಮನೆಗೆ ಬಂದು ಬೇಡಿಕೊಂಡರು: “ರಿಟೈರ್ ಆಗ್ಲಿಕ್ಕೆ ಹೊರಟವನಿಗೆ ಇದೆಲ್ಲ ಎಂತಕ್ಕೆ? ಹುಡುಗಿಗೆ ಬೇರೆ ವಿಷಯ ಕೊಡು, ಮುಗೀತು. ನಿನ್ನನ್ನು ಯಾರಾದರೂ ಕೇಳಿದರಾ?”

“ಯಾರೂ ಕೇಳಲಿಲ್ಲ ಲಯನೆಲ್. ಅದೇ ಕಷ್ಟ.”

ಒಳಗಿನಿಂದ ವಿನೋದಕ್ಕ ಚಹಾ ತಂದಿಡುತ್ತ, “ಕಲಾಯಿ ಹೋದ ಪಾತ್ರೆಯಲ್ಲಿ ನಾನು ಹುಳಿ ಇಟ್ಟಿದ್ದರೆ ಇವರು ಒಂದು ವಾರ ಬೈತಿದ್ದರು” ಎಂದರು. ಯಾರೂ ನಗಲಿಲ್ಲ, ಹೇಳಿದವರೂ ನಗಲಿಲ್ಲ.

ಸಿದ್ಧಾಂತವನ್ನು ಹಿಂತೆಗೆದುಕೊಳ್ಳುವುದಾಗಿ ಗುಣಪಾಲರು ಪತ್ರಿಕೆಗೆ ಬರೆದು ಕಳಿಸಿದರು. ಚೈತಾಲಿ ಮತ್ತೊಂದು ವರ್ಷ ಶುದ್ಧ ನೀರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಅವಳ ಮೌಖಿಕ ಪರೀಕ್ಷೆ ಎಲ್ಲರಿಗೂ ತೆರೆದ ಸಭೆಯಾದ್ದರಿಂದ ವಿನೋದಕ್ಕನೊಡನೆ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಸಜ್ಜನರು, ಮುಂದಿನ ಸಾಲಿನಲ್ಲಿದ್ದ ಗುಣಪಾಲರಿಗೆ ನೋವಾಗದಂತೆ, “ಹಳೆಯ ಫಲಿತಾಂಶಕ್ಕೂ ನಿಮ್ಮದಕ್ಕೂ ಇರುವ ಅಂತರ ಆ ಕಾಲದ ಸೌಕರ್ಯಗಳ ಮಿತಿ ಎನ್ನಬಹುದೇನೋ?” ಎಂದು ದಾರಿ ತೋರಿಸಿದರು. ಚೈತಾಲಿ ಗುರುವಿನ ಮುಖ ನೋಡಿ, “ಹಾಗೂ ಇರಬಹುದು ಸರ್” ಎಂದಳು.

ಮಾರ್ಗದರ್ಶಕರು ನಡುವೆ ಬಾಯಿ ಹಾಕುವ ಪದ್ಧತಿಯಿಲ್ಲ. ಆದರೂ ಗುಣಪಾಲರು ಎದ್ದು ನಿಂತರು.

“ನನ್ನ ಮುಖ ನೋಡಬೇಡ ಮಗಾ. ಹಳೆಯದು ಸರಿಯೋ ತಪ್ಪೋ?”

“ತಪ್ಪು ಸರ್.”

“ಯಾರ ತಪ್ಪು?”

“ನಿಮ್ಮದು” ಎಂದಳು ಚೈತಾಲಿ. ಈ ಸಲ ಅವಳು ಪರೀಕ್ಷಕರನ್ನೇ ನೋಡುತ್ತಿದ್ದಳು. ಗುಣಪಾಲರು ತಲೆಯಾಡಿಸಿ ಕುಳಿತರು. ಪದವಿ ಘೋಷಣೆಯಾಯಿತು, ಚಪ್ಪಾಳೆಯಾಯಿತು, ಊಟಕ್ಕೆ ಎಲೆ ಹಾಕಿದರು. ಗುಣಪಾಲರು ಎಲ್ಲರಿಗೂ ಬಡಿಸಿದ್ದಾಯಿತೇ ಎಂದು ವಿಚಾರಿಸುತ್ತ ಪಂಕ್ತಿಯುದ್ದಕ್ಕೂ ಓಡಾಡಿದರು; ತಾವು ಮಾತ್ರ ಎಲೆಯ ಮುಂದೆ ಕೂರಲಿಲ್ಲ.

ದೇವರ ಮುಂದೆ ತಪ್ಪೊಪ್ಪಿಕೊಳ್ಳುವುದು ನಮ್ಮಂಥವರಿಗೆ ಅಭ್ಯಾಸವಾಗಿಬಿಟ್ಟಿದೆ. ಅಲ್ಲಿ ಕರುಣೆ ಖಚಿತವೆಂಬ ನೆಚ್ಚಿಕೆ ಇರುತ್ತದೆ. ತಾವೇ ಬೆಳೆಸಿದವರ ಬಾಯಲ್ಲಿ ತಮ್ಮ ತಪ್ಪನ್ನು ಹೇಳಿಸಿಕೊಳ್ಳುವವರು ವಿರಳ. ಗುರುವಿನ ತಪ್ಪನ್ನು ಮುಚ್ಚುವುದನ್ನೇ ಭಕ್ತಿಯೆಂದು ನಾವೆಲ್ಲ ಕಲಿತಿದ್ದೇವೆ, ಮಕ್ಕಳಿಗೂ ಕಲಿಸಿದ್ದೇವೆ. ಎಲ್ಲೋ ಒಬ್ಬರು ಆ ಭಕ್ತಿಯನ್ನು ಬಿಡಿಸುವ ಪಾಠವನ್ನೂ ಹೇಳಿಕೊಡುತ್ತಾರೆ. ಆ ಪಾಠ ಶಿಷ್ಯರಿಗೆ ಚೆನ್ನಾಗಿ ಬಂದಿತೆಂದು ತಿಳಿಯುವ ದಿನ, ಅವರಿಗೆ ಸಂತೋಷವೂ ಆಗುತ್ತದೆ, ಅನ್ನವೂ ಸೇರುವುದಿಲ್ಲ.