ಹಿಟಾಚಿಯ ನಮಸ್ಕಾರ

ರೋಬೋಟಿನ ಹೊಟ್ಟೆಯೊಳಗೆ ಕೂತು ಲಿವರ್ ಎಳೆಯುತ್ತಿದ್ದ ಜಪಾನಿ ಹುಡುಗನ ಮೇಲೆ ರುಕ್ಮಯ್ಯನಿಗೆ ಮೊದಲ ದಿನವೇ ಸಿಟ್ಟು ಬಂದಿತ್ತು.

"ಲಿವರ್ ಹಿಡಿಯುವ ಕ್ರಮವಾ ಇದು? ಹಾಗೆ ಜಗ್ಗಿದರೆ ಪೈಪು ಒಡೀತದೆ ಮಾರಾಯ!" ಎಂದು ಮಗಳು ವಿಸ್ಮಿತಾಳ ಮೊಬೈಲಿಗೇ ಬೈದ. ದಸರಾ ರಜೆಗೆ ಉಜಿರೆಯ ಹಾಸ್ಟೆಲಿನಿಂದ ಬಂದಿದ್ದ ಅವಳು ಆ ಆನಿಮೆ, ಅಂದರೆ ಜಪಾನಿ ಕಾರ್ಟೂನು, ಹಾಕಿದ್ದು ತಾನು ನೋಡಲೆಂದು. ಮೂರನೇ ದಿನಕ್ಕೆ ಊಟವಾದ ಕೂಡಲೇ "ನಿನ್ನ ರೋಬೋಟು ಎಲ್ಲಿಗೆ ಮುಟ್ಟಿತು?" ಎಂದು ಕೇಳುತ್ತಿದ್ದವನು ಅಪ್ಪ.

ಗುಡ್ಡದಷ್ಟು ಎತ್ತರದ ರೋಬೋಟುಗಳು ಒಂದನ್ನೊಂದು ಎತ್ತಿ ಒಗೆಯುತ್ತಿದ್ದವು, ಸೇತುವೆ ಮುರಿಯುತ್ತಿತ್ತು, ಆಕಾಶಕ್ಕೇ ಬೆಂಕಿ ಹತ್ತುತ್ತಿತ್ತು. ರುಕ್ಮಯ್ಯ ಅದು ಯಾವುದನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಒಳಗಿನ ಆ ಪುಟ್ಟ ಸೀಟಿನ ಮೇಲೆ. ಕೂತವನು ಗೇಣುದ್ದ ಕೈ ಆಡಿಸಿದರೆ ಹೊರಗೆ ಇಪ್ಪತ್ತು ಮಾರಿನ ಕೈ ಏಳುತ್ತದೆ. ಆ ಸುಖ ಏನೆಂದು ಇಡೀ ಸಿದ್ಧಕಟ್ಟೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹದಿನೆಂಟು ವರ್ಷ ನಿತ್ಯಾನಂದ ಧನಿಗಳ ಮಣ್ಣು ಅಗೆಯುವ ಯಂತ್ರ ಹಿಟಾಚಿಯಲ್ಲಿ ಕೂತು ಗುಡ್ಡ ಕಡಿದವನು, ಕೆರೆ ತೋಡಿದವನು ಅವನು. ಕಳೆದ ವರ್ಷ ಪಾರ್ಶ್ವವಾಯು ಬಡಿದು ಬಲಗೈಯ ಸ್ವಾಧೀನ ಹೋಯಿತು. ಕಾಲು ಹೇಗೋ ಸುಧಾರಿಸಿತು, ಕೈ ಮಾತ್ರ ಹಟ ಹಿಡಿಯಿತು. ರೋಬೋಟಿನವನು ಲಿವರ್ ಎಳೆದಾಗಲೆಲ್ಲ ರುಕ್ಮಯ್ಯನ ಎಡಗೈ ಚಾಪೆಯ ಮೇಲೆ ತಾನೂ ಎಳೆಯುತ್ತಿತ್ತು. ಬಲಗೈ ಮಡಿಲಲ್ಲಿ ಮಲಗಿರುತ್ತಿತ್ತು. ವಿಸ್ಮಿತಾ ಎರಡನ್ನೂ ನೋಡಿದ್ದಳು.

"ಬಲದ್ದನ್ನು ಹಿಂದೆ ಎಳೆದರೆ ದೊಡ್ಡ ತೋಳು ಏಳ್ತದೆ. ಎಡದ್ದು ಮೊಣಕೈ ಮಡಚುವುದಕ್ಕೆ. ಎರಡೂ ಒಟ್ಟಿಗೆ ಹೋಗಬೇಕು. ಇವನಿಗೆ ಅದೇ ಗೊತ್ತಿಲ್ಲ," ಎಂದು ಅವನು ದಿನಾ ಪಾಠ ಹೇಳುತ್ತಿದ್ದ.

ಆಯುಧಪೂಜೆಯ ಮುನ್ನಾದಿನ ಧನಿಗಳ ಫೋನು ಬಂತು. ಅವರಲ್ಲಿ ಪೂಜೆಗೆ ಒಂದು ಕ್ರಮ ಉಂಟು: ಮಂಗಳಾರತಿಯಾದ ಮೇಲೆ ಹಿಟಾಚಿಯೇ ದೇವರಿಗೆ ನಮಸ್ಕಾರ ಮಾಡಬೇಕು. ತೋಳೆತ್ತಿ, ಮೊಣಕೈ ಮಡಚಿ, ಬಕೆಟ್ಟು ತಗ್ಗಿಸಬೇಕು. ಅದರ ಹಲ್ಲಿಗೆ ಸಿಕ್ಕಿಸಿದ ಸೇವಂತಿಗೆ ಮಾಲೆ ಬೀಳಬಾರದು. ರುಕ್ಮಯ್ಯನ ಕೈಯಲ್ಲಿ ಒಂದು ವರ್ಷವೂ ಬಿದ್ದದ್ದಿಲ್ಲ.

"ಹೊಸ ಆಪರೇಟರ್ ಅಜ್ಮಲನಿಗೆ ಅದು ಅಭ್ಯಾಸ ಇಲ್ಲ. ನಿಮ್ಮ ಕೈ ಹೇಗುಂಟು ರುಕ್ಮಯಣ್ಣ?"

"ಈಗ ಅಡ್ಡಿಯಿಲ್ಲ ಧನಿ. ಬರ್ತೇನೆ."

ಫೋನಿಟ್ಟ ಮೇಲೆ ಮಗಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಇಷ್ಟು ದೊಡ್ಡ ಸುಳ್ಳನ್ನು ಅವನು ತನ್ನ ಮದುವೆಯ ಮಾತುಕತೆಯಲ್ಲೂ ಹೇಳಿರಲಿಲ್ಲ. ಆದರೆ ಆ ಸೀಟಿನಲ್ಲಿ ಒಮ್ಮೆ ಕೂರಬೇಕೆಂಬ ಆಸೆ ಹಸಿವಿನ ಹಾಗೆ ಒಳಗೆ ಕೂತಿತ್ತು. ಏನು ಮಾಡುವುದು?

ಮರುದಿನ ಧನಿಗಳ ಅಂಗಳದಲ್ಲಿ ಆರತಿಯಾಯಿತು. ರುಕ್ಮಯ್ಯ ಹೆಗಲ ಮೇಲಿನ ಬೈರಾಸನ್ನು ಬಲಗೈಗೆ ಹೊದೆಸಿಕೊಂಡು ಹಿಟಾಚಿ ಹತ್ತಿದ. ಒಳಗಿನ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಕಣ್ಣು ತುಂಬಿತು. ಎಡಗೈಗೆ ಎಡದ ಲಿವರ್ ಸಿಕ್ಕಿತು. ಬಲದ್ದು ಗೇಣು ದೂರದಲ್ಲಿತ್ತು. ಕೆಳಗೆ ಎಲ್ಲರೂ ತಲೆಯೆತ್ತಿ ಕಾಯುತ್ತಿದ್ದರು.

"ಫೋಟೋ ತೆಗೀತೇನೆ," ಎನ್ನುತ್ತಾ ವಿಸ್ಮಿತಾ ಹತ್ತಿ ಬಂದು ಸೀಟಿನ ಹಿಂದೆ ತೂರಿಕೊಂಡಳು. ಬಗ್ಗಿ ಬಲದ ಲಿವರ್ ಹಿಡಿದಳು. "ಅಪ್ಪ, ನೀವು ಹೇಳಿ. ನಾನು ಎಳೀತೇನೆ."

ರುಕ್ಮಯ್ಯ ಎಡದ ಲಿವರನ್ನು ಬಿಗಿಯಾಗಿ ಹಿಡಿದ.

"ಮೆಲ್ಲ," ಎಂದ. "ಉಸಿರು ಎಳ್ಕೊಂಡ ಹಾಗೆ."

ತೋಳು ಒಮ್ಮೆ ಅದುರಿತು, ಆಮೇಲೆ ಎದ್ದಿತು. ಅವನ ಎಡಗೈಗೆ ಹದಿನೆಂಟು ವರ್ಷದ ನೆನಪಿತ್ತು. ಮಗಳು ತಪ್ಪಿದಲ್ಲೆಲ್ಲ ಅದು ಸರಿಹೊಂದಿಸಿಕೊಂಡಿತು. ಹಿಟಾಚಿ ತಲೆಬಾಗಿತು. ಮಾಲೆ ತೂಗಿತು, ಬೀಳಲಿಲ್ಲ.

ಚಪ್ಪಾಳೆಯ ನಡುವೆ ನಿತ್ಯಾನಂದರು ಕೂಗಿದರು: "ಕೈ ಮೊದಲಿನ ಹಾಗೇ ಉಂಟಲ್ಲ ರುಕ್ಮಯಣ್ಣ! ಅಜ್ಮಲ್ ನಾಡಿದ್ದು ದುಬಾಯಿಗೆ ಹೋಗ್ತಾನೆ. ಸೋಮವಾರದಿಂದ ನೀವೇ ಬನ್ನಿ."

ಹೂಂ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಒಂದು ವರ್ಷದಿಂದ ಅವನು ಕಾದದ್ದು ಈ ಮಾತಿಗೆ. ಸೋಮವಾರ ಬೆಳಿಗ್ಗೆ ಬುತ್ತಿ ಹಿಡಿದು ಗುಡ್ಡ ಹತ್ತುವ ತನ್ನನ್ನು ಅವನು ಕಣ್ಣಾರೆ ಕಂಡ. ಆಮೇಲೆ ಎಡಗೈಯಿಂದ ಬೈರಾಸು ತೆಗೆದ.

"ಇಲ್ಲ ಧನಿ. ಬಲಗೈ ಇವಳದ್ದು."

ನಿತ್ಯಾನಂದರು ಕತ್ತು ಚಾಚಿ ಸೀಟಿನ ಹಿಂದಿದ್ದ ಹುಡುಗಿಯನ್ನು ನೋಡಿದರು. ವಿಸ್ಮಿತಾ ಮೆಲ್ಲನೆ ಲಿವರಿನಿಂದ ಕೈ ತೆಗೆಯತೊಡಗಿದಳು.

"ಬಿಡಬೇಡ," ಎಂದ ರುಕ್ಮಯ್ಯ. "ಇಳಿಯುವ ಮೊದಲು ಇನ್ನೊಂದು ಸಲ ಎತ್ತುವ."